ಆಂಡ್ರೊಮಿಡಾ ನೋಡೋಕೆ ಎಳ್ಳಮಾವಾಸ್ಯೆನೇ ಸರಿ

ಅಕ್ಟೋಬರ್ ಬಂತೆಂದರೆ ಸಾಕು, ವಾಟ್ಸಾಪ್‌ನಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ಬಣ್ಣಬಣ್ಣದ ಫೋಟೋ ಓಡಾಡುತ್ತದೆ. ಬರಿಗಣ್ಣಿಗೇ ಕಾಣುತ್ತೆ, ತಪ್ಪಿಸ್ಕೋಬೇಡಿ ಅಂತ. ಮಾತು ಸುಳ್ಳಲ್ಲ. ಆದರೆ ಅಕ್ಟೋಬರ್ ಮೊದಲ ವಾರ ಅದು ನೆತ್ತಿಯ ಹತ್ತಿರ ಬರುವುದು ನಡುರಾತ್ರಿಗೆ. ಅಷ್ಟು ಹೊತ್ತು ಎದ್ದಿದ್ದರೂ ನಮ್ಮಲ್ಲಿ ಮೋಡ ಬಿಟ್ಟಿರಬೇಕಲ್ಲ!

ನನ್ನ ಕೇಳಿದರೆ ಇದಕ್ಕೆ ಆ್ಯಪ್ ಬೇಡ, ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ, ಅಂದರೆ ತಿಂಗಳಿಗೆ 2 ಗಂಟೆ. ನಡುರಾತ್ರಿ ಮೇಲೆ ಬರುತ್ತಿದ್ದದ್ದು ನವೆಂಬರ್ ಶುರುವಿನಲ್ಲಿ 10ಕ್ಕೆ, ಡಿಸೆಂಬರ್ ಶುರುವಿನಲ್ಲಿ 8ಕ್ಕೆ ಬರುತ್ತದೆ. ಚಂದ್ರನ ಬೆಳಕು ಇದ್ದರೆ ಇಂಥ ಮಸುಕಾದದ್ದು ಕಾಣುವುದಿಲ್ಲ, ಹಾಗಾಗಿ ಇನ್ನು ಹಬ್ಬದ ಅಮಾವಾಸ್ಯೆಗಳನ್ನು ನೋಡಿ. ಮಹಾಲಯ ಅಮಾವಾಸ್ಯೆಗೆ ಮಳೆಗಾಲ ಪೂರ್ತಿ ಮುಗಿದಿರುವುದಿಲ್ಲ. ದೀಪಾವಳಿ ಅಮಾವಾಸ್ಯೆಗೆ ಹಿಂಗಾರು ಮಳೆ, ಜೊತೆಗೆ ಪಟಾಕಿ ಹೊಗೆ. ಉಳಿದದ್ದು ಎಳ್ಳಮಾವಾಸ್ಯೆ.

ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದೊಳಗೆ ಬರುವ ಈ ಹಬ್ಬಕ್ಕೆ ಕಲಬುರಗಿ, ಬೀದರ್, ವಿಜಯಪುರ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ (ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಚೆಲ್ಲಿ), ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು, ಸಂಜೆ ಆಗುತ್ತಿದ್ದ ಹಾಗೆ ಎಲ್ಲರೂ ಟ್ರ್ಯಾಕ್ಟರ್ ಹತ್ತುತ್ತಾರೆ. ನನ್ನ ತಕರಾರು ಇಲ್ಲೇ. ಇನ್ನೊಂದು ತಾಸು ಇರಿ ಮಾರಾಯ್ರೇ! ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಏಳೂಕಾಲಕ್ಕೆಲ್ಲ ಪೂರ್ತಿ ಕತ್ತಲು. ಆಗ ಆಂಡ್ರೊಮಿಡಾ ಉತ್ತರಕ್ಕೆ ಮುಖ ಮಾಡಿ ನಿಂತವರ ಕಣ್ಣೆದುರು, 60 ಡಿಗ್ರಿ ಎತ್ತರದ ಆಸುಪಾಸಿನಲ್ಲಿ ಇರುತ್ತದೆ. ಅಮಾವಾಸ್ಯೆ ರಾತ್ರಿ ಮಕ್ಕಳನ್ನು ಹೊರಗೆ ಬಿಡಬಾರದು ಅನ್ನುವ ಅಜ್ಜಿಯೂ ಅವತ್ತು ಹೊಲದಲ್ಲೇ ಇರುತ್ತಾರೆ, ಬೈಯೋರು ಯಾರು?

ಹೊಸಕೋಟೆಯಲ್ಲಿ ಕೂತು ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ನಡೆಸುವ ವ್ಯವಸ್ಥೆ ನಮ್ಮಲ್ಲಿದೆ. ಅಂಥ ದೊಡ್ಡ ದೂರದರ್ಶಕ ಬಳಸುವವರೂ ಮಸುಕಾದದ್ದನ್ನು ನೋಡಬೇಕಾದಾಗ ಚಂದ್ರನಿಲ್ಲದ ರಾತ್ರಿಗಳನ್ನೇ ಕೇಳುತ್ತಾರೆ. ಆಂಡ್ರೊಮಿಡಾದ ಬೆಳಕು ಕಮ್ಮಿಯೇನಲ್ಲ, ಲೆಕ್ಕದಲ್ಲಿ ಅದರ ಪ್ರಕಾಶಾಂಕ, ಅಂದರೆ ಹೊಳಪಿನ ಅಳತೆ, 3.4 (ಅಂಕೆ ಕಮ್ಮಿಯಾದಷ್ಟೂ ಹೊಳಪು ಹೆಚ್ಚು). ಆದರೆ ಆ ಬೆಳಕು ಒಂದೇ ಚುಕ್ಕೆಯಲ್ಲಿಲ್ಲ. ಒಂದು ಚಮಚ ಹಾಲನ್ನು ಕೊಡ ನೀರಿಗೆ ಸುರಿದ ಹಾಗೆ ಹರಡಿಕೊಂಡಿದೆ. ಕ್ಯಾಮೆರಾದಲ್ಲಿ ಅದರ ಅಗಲ ಹುಣ್ಣಿಮೆ ಚಂದ್ರನ ಆರರಷ್ಟು. ನಮ್ಮ ಕಣ್ಣಿಗೆ ಸಿಗುವುದು ಅದರ ನಡುವಿನ ಭಾಗ ಮಾತ್ರ, ಒಂದು ಮಬ್ಬು ಮಚ್ಚೆ. ಬಣ್ಣ ಇಲ್ಲ, ಸುರುಳಿ ಇಲ್ಲ. "ಇಷ್ಟೇನಾ?" ಅಂತ ಮಕ್ಕಳು ಕೇಳಿದರೆ ಹೌದು, ಇಷ್ಟೇ ಅನ್ನಿ. ಕ್ರಿ.ಶ. 964ರಲ್ಲಿ ಪರ್ಷಿಯಾದ ಖಗೋಳಜ್ಞ ಅಲ್-ಸೂಫಿ ಕೂಡ ಅದನ್ನು ಸಣ್ಣ ಮೋಡ ಅಂತಲೇ ಬರೆದಿಟ್ಟ. ಅದು ನಮ್ಮ ಕ್ಷೀರಪಥದ ಆಚೆಯದು ಅಂತ ಖಗೋಳಜ್ಞ ಎಡ್ವಿನ್ ಹಬಲ್ ತೋರಿಸಿಕೊಡಲು 1920ರ ದಶಕವೇ ಬರಬೇಕಾಯಿತು. 25 ಲಕ್ಷ ಜ್ಯೋತಿರ್ವರ್ಷ ದೂರ ಅನ್ನುವುದನ್ನು ನೀವು ಕೇಳಿಯೇ ಇರುತ್ತೀರಿ, ಬಿಡಿ.

ಹುಡುಕುವುದು ಕಷ್ಟವಲ್ಲ. ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ನಕ್ಷತ್ರ ಸೇರಿ ಆಕಾಶದಲ್ಲಿ ದೊಡ್ಡ ಚೌಕ ಆಗುತ್ತದೆ. ಅದರ ಈಶಾನ್ಯ ಮೂಲೆಯ ನಕ್ಷತ್ರದಿಂದ ಹಾಗೇ ಚೌಕದ ಆಚೆ ಈಶಾನ್ಯಕ್ಕೆ ಹೋದರೆ ಎರಡನೇ ನಕ್ಷತ್ರ ಮಿರಾಕ್. ಅಲ್ಲಿಂದ ಕುಂತಿಯ ಕಡೆ, ಅಂದರೆ ಉತ್ತರದ ಆ ಡಬ್ಲ್ಯೂ ಆಕಾರದ ಗುಂಪಿನ ಕಡೆ ತಿರುಗಿ. ಎರಡು ಸಣ್ಣ ನಕ್ಷತ್ರ ದಾಟಿದರೆ ಪಕ್ಕದಲ್ಲೇ ಮಚ್ಚೆ. ನೇರ ದಿಟ್ಟಿಸಬೇಡಿ, ಸ್ವಲ್ಪ ಓರೆಯಾಗಿ ನೋಡಿ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಮೊಬೈಲ್ ಜೇಬಲ್ಲಿರಲಿ. ಪಂಪ್‌ಸೆಟ್ ಶೆಡ್ಡಿನ ಎಲ್‌ಇಡಿ ದೀಪವನ್ನೂ ಆರಿಸಿ. 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಇದ್ದರೆ ಇನ್ನೂ ಚೆನ್ನ. ಟೆಲಿಸ್ಕೋಪ್ ಇದಕ್ಕೇನೂ ಬೇಕಾಗಿಲ್ಲ.

ಎಳ್ಳಮಾವಾಸ್ಯೆ ದಿನವೇ ಆಗಬೇಕು ಅಂತೇನಿಲ್ಲ. ಹುಣ್ಣಿಮೆ ಕಳೆದು ಐದಾರು ದಿನಕ್ಕೆ ಚಂದ್ರ ಹುಟ್ಟುವುದು ಎಷ್ಟು ತಡವಾಗುತ್ತದೆ ಅಂದರೆ ಸಂಜೆಯ ಹೊತ್ತೆಲ್ಲ ನಿಮ್ಮದೇ.

ಬೆಂಗಳೂರಿನವರಿಗೆ ಒಂದು ಮಾತು. ಕತ್ತಲು ಬೇಕು ಅಂತ ಸುಮ್ನೆ ಕನಕಪುರದ ಕಡೆ ಹೊರಡಬೇಡಿ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ನಗರದ ಬೆಳಕೇ ಎದುರಿಗೆ. ಗೌರಿಬಿದನೂರು ದಾಟಿ ಹೋಗಿ, ಬೆಂಗಳೂರು ಬೆನ್ನ ಹಿಂದೆ ಇರುತ್ತದೆ.