ನೋಡಬೇಡ, ಟೈಪ್ ಮಾಡು

ಮೇಷ್ಟ್ರಿಗೆ ನಿನ್ನೆ ಮತ್ತೆ ಅಮೆರಿಕದಿಂದ ಲಿಂಕ್ ಬಂತು. ಮತ್ತೆ ಡಿಲೀಟ್ ಮಾಡಿದರು. ಮಾಡಿ ನನಗೇ ಫೋನ್ ಹಚ್ಚಿದರು. "ಯಾರೋ ಕಳ್ಳರು ನಿನ್ನ ಹೆಸರಿಟ್ಕೊಂಡು ಮೇಲ್ ಕಳಿಸ್ತಿದಾರಮ್ಮ. ಇದನ್ನ ಒತ್ತಿ ಅಂತಾರೆ. ನಾನು ಒತ್ತೋ ಆಸಾಮಿನಾ?" ದನಿಯಲ್ಲಿ ಕಳ್ಳನನ್ನು ಹಿಡಿದುಕೊಟ್ಟ ಹೆಮ್ಮೆ.

ಆ ಕಳ್ಳರು ನಾನು ಎಂ.ಎ.ಗೆ ಅರ್ಜಿ ಹಾಕಿರುವ ವಿಶ್ವವಿದ್ಯಾಲಯದವರು. ನನ್ನ ಬಗ್ಗೆ ಶಿಫಾರಸು ಪತ್ರ ಬರೆದುಕೊಡಿ ಅಂತ ನನಗೆ ಪಾಠ ಹೇಳಿದ ಮೇಷ್ಟ್ರಿಗೆ ಕಳಿಸಿದ ಲಿಂಕು ಅದು.

ಧರ್ಮಗಳ ಅಧ್ಯಯನ ಮತ್ತು ಪತ್ರಿಕೋದ್ಯಮ, ಎರಡನ್ನೂ ಒಟ್ಟಿಗೆ ಕಲಿಸುವ ಕೋರ್ಸು ನ್ಯೂಯಾರ್ಕಿನಲ್ಲಿದೆ ಅಂದಾಗ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ಚಿಕ್ಕಪ್ಪ, "ಪೌರೋಹಿತ್ಯನಾ? ಹೆಣ್ಣುಮಕ್ಕಳಿಗೆ ಕೊಡ್ತಾರಾ?" ಅಂದರು. ಅಪ್ಪ ಲೆಕ್ಕ ಬಲ್ಲವರು. "ದೇವಸ್ಥಾನದ ಸುದ್ದಿ ಬರೆಯೋಕೆ ನಂಜನಗೂಡಿನ ಬಸ್ಸು ಸಾಲಲ್ವಾ?" ಅಂದರು. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಜಾತ್ರೆ, ಮಠ, ಉರುಸ್, ಚರ್ಚಿನ ಹಬ್ಬ ಎಲ್ಲಾ ನನ್ನ ಪುಟಕ್ಕೇ ಬರುತ್ತವೆ. ವರ್ಷ ಬದಲಾಗುತ್ತದೆ, 'ವಿಜೃಂಭಣೆಯಿಂದ ಜರುಗಿತು' ಬದಲಾಗುವುದಿಲ್ಲ. ತೇರಿನ ಹಗ್ಗ ಮೊದಲು ಯಾರು ಹಿಡಿಯಬೇಕು ಅಂತ ನಡೆದ ಜಗಳವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದನ್ನು ಬರೆಯುವುದು ಹೇಗೆ ಅಂತ ಕಲಿಯೋಣ ಅನ್ನಿಸಿತು. ಅದಕ್ಕೆ ಇಷ್ಟೆಲ್ಲ.

ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆಯುವ ಉದ್ದೇಶ ಪತ್ರದಲ್ಲಿ ಹೆರ್ಮನ್ ಮೋಗ್ಲಿಂಗ್‌ನನ್ನು ಎಳೆತಂದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವನು ಬಾಸೆಲ್ ಮಿಷನ್ನಿನ ಈ ಪಾದ್ರಿ. ಹಾಗಾಗಿ ನಮ್ಮ ಭಾಷೆಯಲ್ಲಿ ಧರ್ಮವೂ ಸುದ್ದಿಯೂ ಒಂದೇ ಜಗಲಿಯಲ್ಲಿ ಹುಟ್ಟಿದವು ಅಂತ ಬರೆದೆ. ಅವನ ಕನ್ನಡ ಕೆಲಸಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪುಣ್ಯಾತ್ಮ, ಅವನ ಮೇಷ್ಟ್ರಿಗೆ ಯಾರೂ ಲಿಂಕ್ ಕಳಿಸಲಿಲ್ಲ.

ಅಂಕಗಳ ಅವಮಾನವನ್ನು ಬೇಗ ಮುಗಿಸುತ್ತೇನೆ. ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್, ಅಲ್ಲಿ 60 ಅಂದರೆ ಫೇಲಾಗದೆ ಬಚಾವಾದವರ ಸಾಲು. ನನ್ನ 62ನ್ನು ನಾಲ್ಕಕ್ಕೆ ಎಷ್ಟು ಅನ್ನುವ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಫಾರಂ ಕೇಳಿದಾಗ ಆ 62 ಕೊಟ್ಟವರು ಯಾರು ಅಂತ ನೆನಪಾಯಿತು. ಇದೇ ಮೇಷ್ಟ್ರು.

ಕಡೆಗೆ ಇವತ್ತು ಬೆಳಿಗ್ಗೆ ಎಂಟಕ್ಕೆ ಸರಸ್ವತಿಪುರಂನ ಅವರ ಮನೆಗೇ ಹೋದೆ. ನ್ಯೂಯಾರ್ಕಿನ ನಡುರಾತ್ರಿಗೆ ಅರ್ಜಿಯ ಬಾಗಿಲು ಮುಚ್ಚುತ್ತದೆ, ಅಂದರೆ ನಮಗೆ ಬೆಳಿಗ್ಗೆ ಹತ್ತೂವರೆ. ಕಾಫಿ ಆಯಿತು, ಇನ್ನೊಂದು ಕಾಫಿ ಆಯಿತು. ಹೊಸದಾಗಿ ತರಿಸಿದ ಲಿಂಕು ಒತ್ತಿದ್ದೂ ಆಯಿತು. ಒತ್ತುವ ಮುಂಚೆ ಮೇಷ್ಟ್ರು ಬ್ಯಾಂಕ್ ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದರು.

"ನನಗೆ ಟೈಪಿಂಗ್ ಬರಲ್ಲ. ನಾನು ಹೇಳ್ತೀನಿ, ನೀನು ಹೊಡಿ."

"ಸಾರ್, ಪತ್ರದಲ್ಲಿ ಏನಿದೆ ಅಂತ ನಾನು ನೋಡೋ ಹಾಗಿಲ್ಲ." ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ಶಿಫಾರಸು ಪತ್ರ ನೋಡುವ ಹಕ್ಕನ್ನು 1974ರ ಕಾನೂನು ಕೊಟ್ಟಿದೆ. ಆ ಹಕ್ಕು ನನಗೆ ಬೇಡ ಅಂತ ಟಿಕ್ ಹಾಕಿದರೇ ಪತ್ರಕ್ಕೆ ಮರ್ಯಾದೆ. ನಾನು ಹಾಕಿದ್ದೆ.

ಮೇಷ್ಟ್ರು ಗಂಭೀರವಾಗಿ ಯೋಚಿಸಿದರು. "ಸರಿ, ನೋಡಬೇಡ. ಟೈಪ್ ಮಾಡು."

ಪತ್ರಕ್ಕೆ ಮೊದಲು ಒಂದು ಪಟ್ಟಿ ಇತ್ತು. ನಿಮ್ಮ ಅನುಭವದಲ್ಲಿ ಈ ಅಭ್ಯರ್ಥಿ ನೂರರಲ್ಲಿ ಮೊದಲಿಗಳೋ, ಮೊದಲ ಐದರಲ್ಲೋ, ಹತ್ತರಲ್ಲೋ, ಸಾಧಾರಣವೋ? ಮೇಷ್ಟ್ರ ಬೆರಳು ನೇರವಾಗಿ 'ಸಾಧಾರಣ'ದ ಕಡೆ ಹೋಯಿತು.

"ಸಾರ್!"

"ಮೊದಲನೇದು ಅಂದ್ರೆ ನಿನ್ನ ಮುಂದೆ ಯಾರೂ ಇಲ್ಲ ಅಂತಾಯ್ತು. ಹಾಗೆಲ್ಲ ಬರೀಬಾರದಮ್ಮ, ದೃಷ್ಟಿಯಾಗತ್ತೆ. 'ಸಾಧಾರಣ' ಅಂದ್ರೆ ಒಳ್ಳೇ ಹುಡುಗಿ ಅಂತ ಅವರಿಗೇ ಗೊತ್ತಾಗತ್ತೆ."

ಗೊತ್ತಾಗುವುದಿಲ್ಲ ಅಂತ ಅವರಿಗೆ ತಿಳಿಹೇಳುವಷ್ಟರಲ್ಲಿ ಒಂಬತ್ತೂವರೆ. ಚೌಕಾಸಿ ಮಾಡಿ 'ಮೊದಲ ಹತ್ತರಲ್ಲಿ' ಅನ್ನುವವರೆಗೆ ತಂದೆ. ಪಾಠ ಮಾಡಿದ ಅಷ್ಟು ವರ್ಷಗಳಲ್ಲಿ ಅವರು ಯಾರಿಗೂ ಇಷ್ಟು ಧಾರಾಳ ತೋರಿಸಿರಲಿಕ್ಕಿಲ್ಲ.

ಪತ್ರ ಹೇಳುವಾಗ ಮಾತ್ರ ದನಿ ಬೇರೆಯಾಯಿತು. ನಾನು ಯಾವ ಬೆಂಚಿನಲ್ಲಿ ಕೂರುತ್ತಿದ್ದೆ, ವಚನಗಳ ಪಾಠದಲ್ಲಿ ಏನು ಪ್ರಶ್ನೆ ಕೇಳಿ ಅವರನ್ನು ಸಿಕ್ಕಿಸಿದ್ದೆ, ಎಲ್ಲ ಹೇಳಿದರು. ನನಗೇ ಮರೆತಿತ್ತು. ನಡುವೆ ನಿಲ್ಲಿಸಿ, "ಹೋದೋರು ಯಾರೂ ವಾಪಸ್ ಬರಲ್ಲ, ಅಲ್ವಾ?" ಅಂದರು. ನಾನು ಏನು ಟೈಪ್ ಮಾಡಬೇಕೋ ತಿಳಿಯದೆ ಸುಮ್ಮನೆ ಕೂತೆ. "ಅದನ್ನ ಹೊಡೀಬೇಡ," ಅಂದು ಮುಂದುವರಿಸಿದರು.

ಹತ್ತು ಗಂಟೆಗೆ ಪತ್ರ ಮುಗಿಯಿತು. ಕಳಿಸುವ ಬಟನ್ ಒತ್ತಿದೆ. ಮೇಷ್ಟ್ರ ಮೊಬೈಲಿಗೆ ಓಟಿಪಿ ಬಂತು.

"ಸಾರ್, ನಂಬರ್ ಹೇಳಿ."

ಮೊಬೈಲನ್ನು ಎದೆಗೆ ಅವುಚಿಕೊಂಡರು. "ಓಟಿಪಿ ಯಾರಿಗೂ ಹೇಳಬಾರದು."

"ಸಾರ್, ನಾನೇ."

"ಯಾರಿಗೂ ಅಂದ್ರೆ ಯಾರಿಗೂ."

ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಗೋಡೆ ಕಡೆ ತಿರುಗಿ ನಿಲ್ಲಲು ಹೇಳಿ, ಒಂದೇ ಬೆರಳಲ್ಲಿ ತಾವೇ ಒತ್ತತೊಡಗಿದರು. ಆರನೇ ಅಂಕಿ ಮುಟ್ಟುವಷ್ಟರಲ್ಲಿ ಅವಧಿ ಮುಗಿಯಿತು. ಇನ್ನೊಂದು ಓಟಿಪಿ. ಕನ್ನಡಕ ಒರೆಸುವಷ್ಟರಲ್ಲಿ ಅದೂ ಹೋಯಿತು. ಹತ್ತೂಕಾಲು. ಗೋಡೆ ನೋಡುತ್ತಾ ನಿಂತವಳ ಬೆನ್ನ ಹಿಂದಿನಿಂದ ಮೇಷ್ಟ್ರ ಸಮಾಧಾನದ ದನಿ ಬಂತು:

"ಗಾಬರಿಯಾಗಬೇಡ. ಅಮೆರಿಕದೋರಿಗೆ ಒಂದು ಫೋನ್ ಮಾಡಿ ಹೇಳು, ನನ್ನ ಮಗ ಸಾಯಂಕಾಲ ಆಫೀಸಿಂದ ಬಂದ ಮೇಲೆ ಕಳಿಸ್ತಾರಂತೆ ಅಂತ."