200 ಯೂನಿಟ್ ಎಲ್ಲರಿಗೂ ಫ್ರೀ ಅಲ್ಲ: ಒಂದು ಸ್ಪಷ್ಟನೆ

ಎರಡು ದಿನದಿಂದ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಗ್ಗೆ ಒಂದೇ ಮಾತು. "ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಎಲ್ಲರಿಗೂ ಉಚಿತ. 112 ಯೂನಿಟ್‌ಗೆ ಬಿಲ್ ಬಂದಿದೆ ಅಂದ್ರೆ ಮೀಟರ್ ರೀಡರ್ ಮೋಸ ಮಾಡಿದ್ದಾನೆ." ಇದು ತಪ್ಪು.

200 ಎನ್ನುವುದು ಗರಿಷ್ಠ ಮಿತಿ ಅಷ್ಟೇ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೀರೋ, ಅದಕ್ಕೆ ಶೇ. 10 ಸೇರಿಸಿದರೆ ನಿಮ್ಮ ಉಚಿತ ಪಾಲು. ಸರಾಸರಿ 80 ಇದ್ದ ಮನೆಗೆ 88 ಯೂನಿಟ್ ಫ್ರೀ. 112 ಉರಿಸಿದರೆ ಮೇಲಿನ 24 ಯೂನಿಟ್‌ಗೆ ದುಡ್ಡು ಕಟ್ಟಬೇಕು. ತಿಂಗಳ ಬಳಕೆ 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ತೀರಾ ಕಡಿಮೆ ಬಳಸುವವರಿಗೆ, ಅಂದರೆ ಸರಾಸರಿ 48 ಯೂನಿಟ್‌ವರೆಗಿನವರಿಗೆ, 2024ರಿಂದ ಶೇ. 10ರ ಬದಲು 10 ಯೂನಿಟ್ ಜಾಸ್ತಿ ಕೊಡುತ್ತಿದ್ದಾರೆ.

ಹಳೇ ಲೆಕ್ಕವನ್ನೇ ಹಿಡಿದುಕೊಂಡು ಕೂತಿರುವುದು ಸರಿಯಾ ಎಂದು ಕೇಳಿದರೆ, ನನಗೂ ಬೇಸರವಿದೆ. ಆಗ ಮಿತವಾಗಿ ಬಳಸಿದವರಿಗೇ ಈಗ ಪಾಲು ಕಡಿಮೆ! ಆದರೆ ಅದು ಯೋಜನೆಯ ನಿಯಮ. ಬಿಸಿಲಲ್ಲಿ ಮನೆ ಮನೆ ಸುತ್ತುವ ಆ ಹುಡುಗನನ್ನು ಸುಮ್ನೆ ಬೈಯಬೇಡಿ.

"ಬಾಡಿಗೆದಾರರಿಗೆ ಇಲ್ಲ" ಎಂಬುದೂ ಸುಳ್ಳೇ. ಅವರೂ ಆಧಾರ್ ಜೋಡಿಸಿ ನೋಂದಾಯಿಸಬಹುದು. ಮನೆ ಬದಲಿಸುವಾಗ ಹಳೇ ಮನೆಯ ಜೋಡಣೆ ತೆಗೆಸಿಕೊಳ್ಳಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ನೋಂದಣಿಗೆ ತೊಂದರೆಯಾಗುತ್ತದೆ.