ಅಡಿಕೆ ಅಟ್ಟದ ಕೆಳಗೆ ಲೂಸಿ

ಹೊನ್ನಾವರದ ಹತ್ತಿರ ಕರ್ಕಿ ಅಂತ ಊರಿದೆ. ಅಲ್ಲಿಯ ಒಂದು ಯಕ್ಷಗಾನದ ಮನೆತನಕ್ಕೆ ಹಾಸ್ಯಗಾರ ಅನ್ನುವುದೇ ಅಡ್ಡಹೆಸರು. ಹೆಗಡೆಯವರು, ಭಟ್ಟರು, ನಾಯ್ಕರು ಇದ್ದ ಹಾಗೆ ಇವರು ಹಾಸ್ಯಗಾರರು. ಕರ್ಕಿ ಹಾಸ್ಯಗಾರರು ಅಂದರೆ ಯಕ್ಷಗಾನದ ಬಡಗುತಿಟ್ಟು ಶೈಲಿ ಬಲ್ಲವರು ಇವತ್ತಿಗೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನಗಿಸುವ ಕಸುಬಿಗೆ ನಮ್ಮ ಜಿಲ್ಲೆ ಕೊಟ್ಟ ಮರ್ಯಾದೆ ಸಣ್ಣದೇನಲ್ಲ.

ಆದರೆ ಹಾಸ್ಯಗಾರ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗಂಡಸೇ. ಪ್ರಸಂಗದಲ್ಲಿ ಬೊಚ್ಚುಬಾಯಿಯ ಮುದುಕಿ ಬರಲಿ, ಬಾಯಿಬಡುಕಿ ದಾಸಿ ಬರಲಿ, ಸೀರೆಯೊಳಗೆ ಇರುವವನು ಗಂಡಸು. ಈಗ ಹೆಣ್ಣುಮಕ್ಕಳ ತಂಡಗಳಿವೆ, ಅವರೂ ಹಾಸ್ಯ ಮಾಡುತ್ತಾರೆ. ಅದು ಈಚಿನ ಮಾತು. ಶಿರಸಿ ಜಾತ್ರೆಗೆ ಬರುವ ಕಂಪನಿ ನಾಟಕಗಳಲ್ಲಿ ನಗಿಸುವ ಹೆಂಗಸರು ಮೊದಲಿನಿಂದಲೂ ಇದ್ದರು ನಿಜ. ಮುಂದಿನ ಸಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕವರೇ ಮರುದಿನ ಚಾದಂಗಡಿಯಲ್ಲಿ ಆ ಹೆಂಗಸಿನ ಬಗ್ಗೆ ಏನೇನು ಮಾತಾಡುತ್ತಿದ್ದರು ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ. ‘ನಗೋ ಹೆಂಗಸನ್ನ ನಂಬಬಾರದು, ಅಳೋ ಗಂಡಸನ್ನ ನಂಬಬಾರದು’ ಅಂತ ಗಾದೆಯೇ ಇದೆಯಲ್ಲ. ನಗುವವಳದ್ದೇ ಈ ಕತೆಯಾದರೆ ನಗಿಸುವವಳ ಪಾಡು ಕೇಳಬೇಕೇ?

ಹಾಗಂತ ನಮ್ಮ ಮನೆಗಳಲ್ಲಿ ಹೆಂಗಸರು ನಗಿಸುತ್ತಿರಲಿಲ್ಲ ಅಂತಲ್ಲ. ಜಗಲಿಯಲ್ಲಿ ಗಂಡಸರು ಕವಳ ಹಾಕಿಕೊಂಡು ಅಡಿಕೆ ರೇಟಿನ ಬಗ್ಗೆ ನಿಟ್ಟುಸಿರು ಬಿಡುತ್ತಾ ಕೂತಿರುತ್ತಿದ್ದರು. ನಗೆ ಇದ್ದದ್ದು ಅಡುಗೆಮನೆಯಲ್ಲಿ. ನನ್ನ ಸೋದರತ್ತೆಯೊಬ್ಬರಿದ್ದಾರೆ. ಯಾರನ್ನು ಬೇಕಾದರೂ ಅಣಕಿಸುತ್ತಾರೆ. ಊಟಕ್ಕೆ ಕೂತ ಭಾವನೊಬ್ಬ ‘ಸಾಕು ಸಾಕು’ ಅನ್ನುತ್ತಲೇ ಎಲೆಯನ್ನು ಒಂದಂಗುಲ ಮುಂದೆ ತಳ್ಳುವುದು, ಸಾಲ ಕೇಳಲು ಬಂದವನು ಮಾತು ಶುರುಮಾಡುವ ಮೊದಲು ಮೂರು ಸಲ ಕೆಮ್ಮುವುದು, ಹೆಣ್ಣು ನೋಡಲು ಬಂದ ಹುಡುಗನ ತಾಯಿ ಹುಡುಗಿಯನ್ನು ಬಿಟ್ಟು ಅಟ್ಟದ ಮೇಲಿನ ತಾಮ್ರದ ಹಂಡೆಗಳನ್ನು ಕಣ್ಣಲ್ಲೇ ಎಣಿಸುವುದು, ಎಲ್ಲಾ ಅವರಿಗೆ ಬರುತ್ತದೆ. ಸೆರಗಿನ ತುದಿಯನ್ನು ಶಲ್ಯದ ಹಾಗೆ ಹೆಗಲಿಗೆ ಹಾಕಿಕೊಂಡರೆ ಸಾಕು, ಅತ್ತೆ ಮಾಯವಾಗಿ ಭಾವ ಬಂದು ಕೂರುತ್ತಾನೆ. ಬಾಗಿಲಲ್ಲಿ ಯಾವುದಾದರೂ ಗಂಡಸಿನ ನೆರಳು ಕಂಡಿತೋ, ಸೆರಗು ಸೊಂಟಕ್ಕೆ, ಕೈ ಒರಳಿಗೆ. ‘ಎಂತ ನಗೆಯೇ ಇಲ್ಲಿ?’ ಅಂತ ಕೇಳಿದರೆ ‘ಎಂತದೂ ಇಲ್ಲೆ, ಸುಮ್ನೆ’ ಅನ್ನುವ ಉತ್ತರ. ಅಲ್ಲಿಗೆ ಆ ಆಟ ಮುಗಿಯಿತು. ಎಲ್ಲೂ ಬರೆದಿಟ್ಟದ್ದಿಲ್ಲ, ಯಾರೂ ಸನ್ಮಾನ ಮಾಡಿದ್ದಿಲ್ಲ.

ಇಂಥ ಅತ್ತೆಯ ಎದುರಿಗೆ ಅಮೆರಿಕದ ಟೀವಿ ಹಾಸ್ಯಗಾರ್ತಿ ಲೂಸಿ ಬಂದು ನಿಂತದ್ದು ಅಡಿಕೆ ಸುಲಿಯುವ ದಿನಗಳಲ್ಲಿ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ನಮ್ಮ ಕಡೆ ಮನೆಗೆ ಹಗಲು ಸಾಲುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿಸಲು ಹಾಕಿದ ಅಟ್ಟದ ಕೆಳಗೆ ಬಲ್ಬು ಕಟ್ಟಿ, ರಾತ್ರಿ ಊಟ ಮುಗಿಸಿ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಕಾಯಿಯನ್ನು ಕತ್ತಿಗೆ ಒತ್ತಿದರೆ ಸಿಪ್ಪೆ ಎರಡು ಪಾಲು, ಬೆರಳು ತಿರುಗಿಸಿದರೆ ಒಳಗಿನ ಬೆಟ್ಟೆ ಬುಟ್ಟಿಗೆ. ಅಡಿಕೆಯ ಚೊಗರಿಗೆ ಬೆರಳ ತುದಿ ಕಪ್ಪಾಗಿರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ. ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಬಾಯಿ ಅದರ ಪಾಡಿಗೆ. ಮೊದಲೆಲ್ಲ ಕತೆ, ಹಾಡು, ಒಗಟು. ಆಮೇಲೆ ರೇಡಿಯೋ. ಈಗ ಮೊಬೈಲನ್ನು ಒಂದು ಡಬ್ಬಿಗೆ ಒರಗಿಸಿ ಇಡುತ್ತಾರೆ.

ಬೆಂಗಳೂರಲ್ಲಿ ಓದುವ ಅತ್ತೆಯ ಮೊಮ್ಮಗಳು ರಜೆಗೆ ಬಂದಿದ್ದಳು. ಧಾರಾವಾಹಿಯ ಅಳು ಕೇಳಿ ಕೇಳಿ ಬೇಜಾರಾಗಿ, ‘ಇದನ್ನ ನೋಡಿ’ ಅಂತ ಒಂದು ಹಳೇ ಕಪ್ಪು ಬಿಳುಪು ವಿಡಿಯೋ ಹಾಕಿದಳು. ಇಬ್ಬರು ಹೆಂಗಸರು, ಅದರಲ್ಲೊಬ್ಬಳು ಲೂಸಿ, ಚಾಕಲೇಟು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ನಿಂತಿದ್ದಾರೆ. ಎದುರಿಗೆ ಓಡುವ ಬೆಲ್ಟು. ಅದರ ಮೇಲೆ ಒಂದೊಂದೇ ಚಾಕಲೇಟು ಬರುತ್ತದೆ, ಕಾಗದ ಸುತ್ತಿ ಬಿಡಬೇಕು. ಒಂದೇ ಒಂದು ಸುತ್ತದೆ ಹೋದರೂ ಕೆಲಸದಿಂದ ತೆಗೆಯುತ್ತೇನೆ ಅಂತ ಮೇಲಿನವಳು ಹೆದರಿಸಿ ಹೋಗಿದ್ದಾಳೆ. ಮೊದಲು ಎಲ್ಲಾ ಸಲೀಸು. ಬೆಲ್ಟಿನ ಓಟ ಸ್ವಲ್ಪ ಜಾಸ್ತಿಯಾಗುತ್ತದೆ. ಇನ್ನೂ ಸ್ವಲ್ಪ. ಸುತ್ತಲು ಆಗದ್ದನ್ನು ಬಾಯಿಗೆ ತುಂಬಿಕೊಳ್ಳುತ್ತಾರೆ, ಟೋಪಿಯೊಳಗೆ ತುಂಬಿಕೊಳ್ಳುತ್ತಾರೆ, ಕುಪ್ಪಸದೊಳಗೂ ತುಂಬಿಕೊಳ್ಳುತ್ತಾರೆ. ಮೇಲಿನವಳು ಬಂದು ನೋಡಿದರೆ ಬೆಲ್ಟು ಖಾಲಿ! ಭಲೇ ಅಂತ ಹೊಗಳಿ, ಇನ್ನೂ ಜೋರಾಗಿ ಓಡಿಸಿ ಅಂತ ಒಳಗೆ ಕೂಗುತ್ತಾಳೆ.

ಮಾತು ಇಂಗ್ಲಿಷು. ಅಲ್ಲಿದ್ದ ಯಾರಿಗೂ ಅದರ ಅಗತ್ಯ ಬೀಳಲಿಲ್ಲ. ಎರಡು ಬುಟ್ಟಿ ಸುಲಿದು ಮುಗಿಸಿದೆವು ಅನ್ನುವಷ್ಟರಲ್ಲಿ ಮತ್ತೊಂದು ಚೀಲ ಹಸಿ ಅಡಿಕೆ ತಂದು ಮುಂದೆ ಸುರಿಯುವ ಯಜಮಾನರನ್ನು ಕಂಡವರಿಗೆ ಆ ಬೆಲ್ಟು ಏನೂ ಹೊಸದಲ್ಲ. ಅತ್ತೆ ಕನ್ನಡಕ ಮೇಲೇರಿಸಿ ನೋಡಿದರು. ‘ಆ ಹೆಂಗ್ಸಿಗೆ ಮೆಟ್ಟುಗತ್ತಿ ಕೊಡಡಿ ಮಾರಾಯ್ತಿ, ಬೆರಳು ಕೊಯ್ಕತ್ತು’ ಅಂದರು. ಸುಲಿಯುವುದು ಪೂರಾ ನಿಂತೇ ಹೋಯಿತು. ‘ಇನ್ನೊಂದ್ಸಲ ಹಾಕೇ.’

ಅದು ‘ಐ ಲವ್ ಲೂಸಿ’ ಅನ್ನುವ ಟೀವಿ ಹಾಸ್ಯ ಧಾರಾವಾಹಿಯ ಒಂದು ಕಂತು. ಅಮೆರಿಕದಲ್ಲಿ ಪ್ರಸಾರವಾದದ್ದು 1952ರ ಸೆಪ್ಟೆಂಬರ್‌ನಲ್ಲಿ. ಅದೇ ಕಂತಲ್ಲಿ ಹೆಂಗಸರು ದುಡಿಯಲು ಹೋದರೆ ಗಂಡಂದಿರು ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾರೆ, ಪಾತ್ರೆಗೆ ಅಳತೆಯಿಲ್ಲದೆ ಅಕ್ಕಿ ಸುರಿದು ಅನ್ನ ಉಕ್ಕಿ ಒಲೆಯಿಂದ ಕೆಳಗೆ ಹರಿಯುತ್ತದೆ. ಅದಕ್ಕೆ ಅಟ್ಟದ ಕೆಳಗೆ ಬಿದ್ದ ನಗೆ ಚಾಕಲೇಟಿಗಿಂತ ದೊಡ್ಡದು. ಅದು ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೂಸಿಯ ಪೂರ್ತಿ ಹೆಸರು ಲೂಸಿಲ್ ಬಾಲ್. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಅನ್ನುವ ಊರಲ್ಲಿ ಹುಟ್ಟಿದವಳು. ಮೂರು ವರ್ಷದವಳಿದ್ದಾಗಲೇ ತಂದೆ ಟೈಫಾಯ್ಡಿಗೆ ತೀರಿಕೊಂಡ. ನಾಟಕದ ಶಾಲೆಗೆ ಸೇರಿದರೆ, ಈ ಹುಡುಗಿಗೆ ನಾಚಿಕೆ ಜಾಸ್ತಿ, ಸುಮ್ನೆ ದುಡ್ಡು ದಂಡ ಅಂತ ವಾಪಸು ಕಳಿಸಿದರು. ಮಾಡೆಲ್ ಆದಳು, ಹಾಲಿವುಡ್‌ಗೆ ಹೋದಳು, ಸಣ್ಣ ಪುಟ್ಟ ಪಾತ್ರ ಮಾಡುತ್ತಾ ವರ್ಷಗಳನ್ನು ಕಳೆದಳು. ‘ಐ ಲವ್ ಲೂಸಿ’ ಶುರುವಾದ 1951ರ ಅಕ್ಟೋಬರ್‌ನಲ್ಲಿ ಅವಳಿಗೆ 40 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ನಾಯಕಿಯರನ್ನು ತಾಯಿ ಪಾತ್ರಕ್ಕೆ ದಾಟಿಸಿ ಆಗಿರುತ್ತದೆ.

ಅವಳ ಗಂಡ ಡೆಸಿ ಆರ್ನಾಜ್ ಕ್ಯೂಬಾದವನು, ಬ್ಯಾಂಡು ನಡೆಸುತ್ತಿದ್ದವನು. ನನ್ನ ಗಂಡನ ಪಾತ್ರವನ್ನು ನನ್ನ ಗಂಡನೇ ಮಾಡಬೇಕು ಅಂತ ಲೂಸಿಯ ಹಟ. ಅಮೆರಿಕದ ಬಿಳಿ ಹೆಂಗಸಿಗೆ ಕ್ಯೂಬಾದ ಗಂಡ ಅಂದರೆ ಜನ ಒಪ್ಪುವುದಿಲ್ಲ ಅಂತ ಸಿಬಿಎಸ್ ವಾಹಿನಿಯವರ ಅನುಮಾನ. ಮದುವೆಯಾಗಿ ಹತ್ತು ವರ್ಷ ಸಂಸಾರ ಮಾಡಿದವರನ್ನು ಗಂಡ ಹೆಂಡತಿ ಅಂತ ನಂಬುವುದು ಕಷ್ಟ ಅನ್ನುವುದು ಯಾವ ತರದ ಲೆಕ್ಕವೋ! ಇಬ್ಬರೂ ವಾದಕ್ಕೆ ಕೂರಲಿಲ್ಲ. 1950ರಲ್ಲಿ ಊರೂರಿಗೆ ಹೋಗಿ ರಂಗದ ಮೇಲೆ ಜೋಡಿಯಾಗಿ ಆಟ ಮಾಡಿ ತೋರಿಸಿದರು. ನಮ್ಮ ಮೇಳದವರ ತಿರುಗಾಟದ ಹಾಗೇ. ಜನ ನಕ್ಕರು, ವಾಹಿನಿಯವರ ಬಾಯಿ ಮುಚ್ಚಿತು.

ಅವಳನ್ನು ಹುಟ್ಟಾ ಹಾಸ್ಯಗಾರ್ತಿ ಅಂತ ಬರೆಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅವಳ ನಗೆಯ ಹಿಂದೆ ಇರುವುದು ತಾಲೀಮು. ಕೈಗೆ ಬರುವ ಪ್ರತಿ ಸಾಮಾನಿನ ಜೊತೆ ಮೊದಲೇ ಪಳಗಿ, ಬೀಳುವುದನ್ನೂ ಅಳೆದು ಬೀಳುತ್ತಿದ್ದಳು. ಬರೆಯುವವರ ಗುಂಪಲ್ಲಿ ಮ್ಯಾಡಲಿನ್ ಪ್ಯೂ ಅನ್ನುವ ಹೆಂಗಸಿದ್ದಳು. ಲೂಸಿಗೆ ಬರೆದ ಸರ್ಕಸ್ಸು ಹೆಂಗಸಿನ ಕೈಲಾಗುತ್ತದೋ ಇಲ್ಲವೋ ಅಂತ ಅವಳು ತಾನೇ ಮೊದಲು ಮಾಡಿ ನೋಡುತ್ತಿದ್ದಳಂತೆ. ಟೀವಿಯಲ್ಲಿ ಕಾಣದ ಈ ಹೆಂಗಸಿನ ಮೇಲೆ ನನಗೆ ಒಂದು ಕೈ ಜಾಸ್ತಿಯೇ ಪ್ರೀತಿ.

ಎರಡನೇ ವರ್ಷ ಲೂಸಿ ಬಸುರಿಯಾದಳು. ಪಾತ್ರವೂ ಬಸುರಿಯಾಗಲಿ ಅಂತ ತೀರ್ಮಾನಿಸಿದರು. ಆದರೆ ಬಸುರಿ ಅನ್ನುವ ಇಂಗ್ಲಿಷ್ ಮಾತನ್ನು ಟೀವಿಯಲ್ಲಿ ಆಡುವಂತಿಲ್ಲ! ಕಂತುಗಳನ್ನು ಪಾದ್ರಿಗಳು, ಯಹೂದಿ ಗುರುಗಳು ಓದಿ ಒಪ್ಪಿದ ಮೇಲೆಯೇ ಚಿತ್ರೀಕರಣ. ನಮ್ಮ ಮನೆಗಳಲ್ಲೂ ಗಂಡಸರೆದುರು ಆ ಮಾತು ಆಡುತ್ತಿರಲಿಲ್ಲವಲ್ಲ, ಅತ್ತೆಗೆ ಇದು ಆಶ್ಚರ್ಯ ಅನಿಸಲೇ ಇಲ್ಲ. 1953ರ ಜನವರಿ 19ರಂದು ಟೀವಿಯ ಲೂಸಿಗೂ ಗಂಡು ಮಗು, ನಿಜದ ಲೂಸಿಗೂ ಅದೇ ದಿನ ಗಂಡು ಮಗು. ಆ ಕಂತನ್ನು ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು ಅನ್ನುತ್ತಾರೆ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದನ್ನು ನೋಡಿದವರು ಅದಕ್ಕಿಂತ ಎಷ್ಟೋ ಕಮ್ಮಿ. ಅಧ್ಯಕ್ಷರು ಯಾವಾಗಲೂ ಬರುತ್ತಾರೆ ಹೋಗುತ್ತಾರೆ, ಬಾಣಂತಿಯನ್ನು ನೋಡಲು ಹೋಗದೆ ಇರಲಾಗುತ್ತದೆಯೇ?

ಕಮ್ಯುನಿಸ್ಟ್ ಅನ್ನುವ ಆರೋಪವೂ ಅದೇ ವರ್ಷ ಬಂತು. 1936ರಲ್ಲಿ ಅಜ್ಜನ ಮಾತಿಗೆ ಕಟ್ಟುಬಿದ್ದು ಪಕ್ಷದ ಹೆಸರಲ್ಲಿ ಮತದಾರಳಾಗಿ ನೋಂದಾಯಿಸಿಕೊಂಡಿದ್ದಳು. ಅವಳಲ್ಲಿ ಕೆಂಪಗಿರುವುದು ಕೂದಲೊಂದೇ, ಅದೂ ಅಸಲಿಯಲ್ಲ ಅಂತ ಗಂಡ ಜನರೆದುರು ಹೇಳಿ ಆ ಬೆಂಕಿಗೆ ನೀರು ಹಾಕಿದ. ನಿಜಕ್ಕೂ ಅವಳದ್ದು ಕಂದು ಕೂದಲು, ಕೆಂಪಗೆ ಮಾಡಿದ್ದು ಮದರಂಗಿ. ಇದನ್ನು ಕೇಳಿ ಅತ್ತೆಗೆ ಅವಳ ಮೇಲಿದ್ದ ಅಭಿಮಾನ ಎರಡು ಪಟ್ಟಾಯಿತು. ಅವರೂ ಹಿತ್ತಲಿನ ಮದರಂಗಿ ಹಚ್ಚುವವರೇ. ‘ಕಪ್ಪು ಬಿಳಿ ಟೀವಿಲಿ ಕೆಂಪು ಕೂದ್ಲು ಯಾರಿಗೆ ಕಾಣ್ತಿತ್ತು?’ ಅಂತ ಒಂದು ಪ್ರಶ್ನೆ ಮಾತ್ರ ಹಾಕಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದು ಅನಿಸುವುದು ಫಿಲ್ಮಿನ ಸಂಗತಿ. ಆಗಿನ ಹಾಸ್ಯದ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರ ಪ್ರಸಾರ. ಆಡಿದ್ದು ಆಡಿದ ಹಾಗೇ ಗಾಳಿಗೆ. ದೂರದ ಊರಿನವರಿಗೆ ಟೀವಿ ಪರದೆಯ ಮುಂದೆ ಕ್ಯಾಮೆರಾ ಇಟ್ಟು ತೆಗೆದ ಮಸುಕು ನಕಲು. ಲೂಸಿ, ಡೆಸಿ ಇಬ್ಬರಿಗೂ ಹಾಲಿವುಡ್ ಬಿಡಲು ಮನಸ್ಸಿಲ್ಲ. ಹಾಗಾಗಿ ಸಿನಿಮಾದ ತರ 35 ಎಂಎಂ ಫಿಲ್ಮಿನಲ್ಲಿ ತೆಗೆಯುತ್ತೇವೆ ಅಂದರು. ಎದುರಿಗೆ ಜನರನ್ನು ಕೂರಿಸಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ, ನಾಟಕದ ಹಾಗೆ ಆಡಿಸಿ ತೆಗೆಯುವುದು. ಬೆಳಕಿನ ವ್ಯವಸ್ಥೆ ಮಾಡಿದವನು ಕಾರ್ಲ್ ಫ್ರಾಯಿಂಡ್, ಜರ್ಮನಿಯ ದೊಡ್ಡ ದೊಡ್ಡ ಚಿತ್ರಗಳಿಗೆ ಕ್ಯಾಮೆರಾ ಹಿಡಿದವನು. ಖರ್ಚು ಜಾಸ್ತಿ ಅಂತ ತಕರಾರು ಬಂತು. ಆಗ ಗಂಡ ಹೆಂಡತಿ ವಾರದ ಸಂಬಳದಲ್ಲಿ 1000 ಡಾಲರ್ ಬಿಟ್ಟುಕೊಟ್ಟರು. ಅದಕ್ಕೆ ಬದಲಾಗಿ ಕೇಳಿದ್ದು ಇಷ್ಟೇ: ಪ್ರಸಾರ ಮುಗಿದ ಮೇಲೆ ಫಿಲ್ಮು ನಮ್ಮದು.

ಕೊಡುವವರಿಗೆ ಅದು ಸಿಪ್ಪೆ ಕೊಟ್ಟ ಹಾಗೆ ಅನಿಸಿರಬೇಕು. ಒಮ್ಮೆ ತೋರಿಸಿ ಮುಗಿದದ್ದಕ್ಕೆ ಬೆಲೆ ಏನಿದೆ? ಆದರೆ ಜನ ನೋಡಿದ್ದನ್ನೇ ಮತ್ತೆ ನೋಡಿದರು, ಮತ್ತೆ ಮತ್ತೆ ನೋಡಿದರು. ಮರುಪ್ರಸಾರ ಅನ್ನುವ ವ್ಯಾಪಾರ ಬೆಳೆದದ್ದೇ ಹಾಗೆ. ಕೊನೆಗೆ ಅದೇ ಸಿಬಿಎಸ್ ಲಕ್ಷಾಂತರ ಡಾಲರ್ ಕೊಟ್ಟು ಆ ಕಂತುಗಳನ್ನು ವಾಪಸು ಕೊಂಡುಕೊಳ್ಳಬೇಕಾಯಿತು. ಇತ್ತ 1957ರಲ್ಲಿ ಇಬ್ಬರ ಕಂಪನಿ ಡೆಸಿಲೂ, ಆರ್‌ಕೆಓ ಸ್ಟುಡಿಯೋವನ್ನೇ ಕೊಂಡುಕೊಂಡಿತು. ಒಂದು ಕಾಲದಲ್ಲಿ ಲೂಸಿ ಸಣ್ಣ ಪಾತ್ರಗಳಿಗೆ ಕಾಯುತ್ತಾ ಕೂತಿದ್ದು ಅದೇ ಸ್ಟುಡಿಯೋದಲ್ಲಿ. 1960ರಲ್ಲಿ ಗಂಡ ಹೆಂಡತಿ ಬೇರೆಯಾದರು. ಎರಡು ವರ್ಷದ ಮೇಲೆ ಅವನ ಪಾಲನ್ನೂ ಕೊಂಡು ಅವಳೇ ಯಜಮಾನಿಯಾದಳು. ಟೀವಿಯಲ್ಲಿ ಗಂಡನ ಕೈಯಿಂದ ಖರ್ಚಿಗೆ ದುಡ್ಡು ಕೀಳಲು ನೂರೆಂಟು ಆಟ ಕಟ್ಟುತ್ತಿದ್ದವಳು, ಹಾಲಿವುಡ್‌ನ ಅಂಥ ದೊಡ್ಡ ಸ್ಟುಡಿಯೋ ನಡೆಸಿದ ಮೊದಲ ಹೆಂಗಸು. ಸ್ಟಾರ್ ಟ್ರೆಕ್ ಅನ್ನುವ ಟೀವಿ ಧಾರಾವಾಹಿ ಮೊದಲು ತಯಾರಾದದ್ದು ಅವಳ ಕಂಪನಿಯಲ್ಲೇ. 1967ರಲ್ಲಿ ಅದನ್ನು ಒಳ್ಳೇ ಬೆಲೆಗೆ ಮಾರಿದಳು. ತೀರಿಕೊಂಡದ್ದು 1989ರಲ್ಲಿ.

ಈ ಫಿಲ್ಮಿನ ಕತೆಯನ್ನು ನಾನು ಅಟ್ಟದ ಕೆಳಗೆ ಕೂತು ಹೇಳುವಾಗ ಯಾರೂ ನಗಲಿಲ್ಲ. ವ್ಯಾಪಾರದ ಮಾತು ಬಂದರೆ ಅಡಿಕೆ ಊರಿನ ಹೆಂಗಸರು ಕಿವಿ ಕೊಟ್ಟೇ ಕೇಳುತ್ತಾರೆ. ಹಸಿ ಅಡಿಕೆ ಈಗಲೇ ಮಾರುವುದೋ, ಸುಲಿದು ಬೇಯಿಸಿ ಒಣಗಿಸಿ ಇಟ್ಟುಕೊಂಡು ರೇಟು ಬಂದಾಗ ಕೊಡುವುದೋ ಅನ್ನುವ ಚರ್ಚೆ ಕೇಳುತ್ತಲೇ ಬೆಳೆದವರು. ‘ಶಾಣ್ಯಾ ಇದ್ದು’ ಅಂದರು ಒಬ್ಬರು. ಅತ್ತೆ ಮಾತಾಡದೆ ಸುಲಿಯುತ್ತಿದ್ದರು.

ಆಮೇಲೆ ಎಲ್ಲರ ಒತ್ತಾಯಕ್ಕೆ ಅತ್ತೆ ಭಾವನ ಊಟ ಮಾಡಿ ತೋರಿಸಿದರು. ಸೆರಗು ಶಲ್ಯವಾಯಿತು, ಒಂದು ಹಾಳೆ ಎಲೆಯಾಯಿತು. ‘ಸಾಕು’ ಅಂತ ಎಡಗೈ ಅಡ್ಡ ಹಿಡಿದದ್ದೂ, ಹಿಡಿದ ಕೈಯ ಬೆರಳುಗಳ ಸಂದಿಯಿಂದ ಹೋಳಿಗೆ ಎಷ್ಟು ಉಳಿದಿದೆ ಅಂತ ನೋಡಿದ್ದೂ ಮೊಮ್ಮಗಳ ಮೊಬೈಲಲ್ಲಿ ದಾಖಲಾಯಿತು. ಅವಳು ಆಗಲೇ ಅದನ್ನು ಯಾರ್‍ಯಾರಿಗೆ ಕಳಿಸಬೇಕು ಅಂತ ಹೆಸರು ಹೇಳತೊಡಗಿದ್ದಳು.

ಅತ್ತೆ ಸೆರಗು ಸರಿಮಾಡಿಕೊಂಡು ಕೈ ಚಾಚಿದರು. ‘ತಡಿ, ಕಳಸಡ. ಅದು ಯಾರದ್ದು? ನಂದೇ ಅಲ್ದಾ?’